ಶಿವಮೊಗ್ಗ ಜಿಲ್ಲೆ, 1983

2024 ಜನವರಿ 10, ಬುಧವಾರ

ತಮ್ಮನ ಮಗ ತನ್ನ ಆಫೀಸಿನ ಡೆನ್ಮಾರ್ಕ್ ಗೆಳತಿಯನ್ನು ಕರೆತಂದ. ಬಿಳಿ ಹೆಂಗಸು ಬರುತ್ತಾಳೆಂದು ಕಾದಿದ್ದ ಓಣಿಯ ಹುಡುಗರು, ಇಳಿದವಳು ನನಗಿಂತ ಕಪ್ಪಗಿದ್ದುದನ್ನು ಕಂಡು, ಕಾರಿನಲ್ಲಿ ಇನ್ಯಾರಾದರೂ ಇದ್ದಾರೇನೋ ಎಂದು ಬಗ್ಗಿ ನೋಡಿದವು. ಕೈಗೂಸಾಗಿದ್ದಾಗ, 1983ರಲ್ಲಿ, ದತ್ತು ಹೋದವಳು. ಕಾಗದದಲ್ಲಿ ‘ಶಿವಮೊಗ್ಗ ಜಿಲ್ಲೆ’ ಎಂದಷ್ಟೇ ಇದೆ. ಆಗ ನಮ್ಮ ಚನ್ನಗಿರಿ ತಾಲ್ಲೂಕೂ ಶಿವಮೊಗ್ಗಕ್ಕೇ ಸೇರಿತ್ತಲ್ಲ, ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ಅವಳು ನೋಡಬೇಕಾದ ಊರುಗಳಲ್ಲಿ ನಮ್ಮ ಸಂತೇಬೆನ್ನೂರೂ ಒಂದು.

ಜನವರಿ 11, ಗುರುವಾರ

ಪುಷ್ಕರಣಿ ತೋರಿಸಿದೆ, ಅದನ್ನು ಕಟ್ಟಿಸಿದ ಕೆಂಗ ಹನುಮಪ್ಪ ನಾಯಕನ ಕಥೆ ಹೇಳಿದೆ. (ನನ್ನ ಇಂಗ್ಲಿಷಿಗೆ ನಗಲಿಲ್ಲ, ಪುಣ್ಯ.) ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ನನ್ನನ್ನು ಬಿಟ್ಟು ಅವಳನ್ನೇ ಕೇಳಿತು: “ಯಾರ ಪೈಕಿ ಆಗ್ಬೇಕವ್ವಾ ನೀನು?”

ಡೆನ್ಮಾರ್ಕಿನ ಶಾಲೆಯಲ್ಲೂ ಇದೇ ವಿಚಾರಣೆಯಂತೆ, ನಿಜವಾಗಿ ಎಲ್ಲಿಯವಳು ಅಂತ. ಸಾಕಿದವರು ಮಾತ್ರ “ನಮಗೆ ಬಣ್ಣ ಕಾಣುವುದೇ ಇಲ್ಲ” ಎನ್ನುತ್ತಿದ್ದರಂತೆ. “ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು” ಎಂದಳು. ಪ್ರೀತಿಗೇನೂ ಕಡಿಮೆಯಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಬಣ್ಣ ಹಿಡಿದು ಅಂದರೆ, ಮನೆಗೆ ಬಂದು ಹೇಳಿಕೊಂಡರೆ ಅರ್ಥವಾಗುವವರು ಇರಲಿಲ್ಲ. ಇಲ್ಲಿ ಬಂದರೆ ಎಲ್ಲರೂ ನಮ್ಮವಳೇ ಅಂದುಕೊಳ್ಳುತ್ತಾರೆ, ಅವಳು ಬಾಯಿ ಬಿಡುವ ತನಕ.

ಜನವರಿ 13, ಶನಿವಾರ

“ಇಲ್ಲೇ ಯಾರೂ ಸಾಕ್ಲಿಲ್ವಾ?” ಅಂತ ಅಕ್ಕ. ಯಾರು ಸಾಕುತ್ತಿದ್ದರು? ನಮ್ಮಲ್ಲಿ ದತ್ತು ಎಂದರೆ ಅಣ್ಣನ ಮಗ, ಇಲ್ಲವೇ ಮಗಳ ಮಗ. ಹಿಂದೂ ದತ್ತಕ ಕಾಯ್ದೆ ಬಂದದ್ದು 1956ರಲ್ಲಿ, ಅದರಲ್ಲಿ ಜಾತಿಯ ಅಡ್ಡಿ ಇಲ್ಲ. ಆದರೂ ಕುಲ ವಿಚಾರಿಸದೆ ಕೂಸನ್ನು ತೊಟ್ಟಿಲಿಗೆ ಹಾಕಿದವರನ್ನು ಈ ಊರಲ್ಲಿ ನಾನಂತೂ ಕಂಡಿಲ್ಲ. ವಿದೇಶಿಯರು 1890ರ ಗಾರ್ಡಿಯನ್ ಕಾಯ್ದೆಯಡಿ ಪೋಷಕರೆನಿಸಿಕೊಂಡು ಮಗುವನ್ನು ಒಯ್ದು, ದತ್ತನ್ನು ತಮ್ಮ ದೇಶದಲ್ಲಿ ಮಾಡಿಕೊಳ್ಳುತ್ತಿದ್ದರು. ಮೊದಲು ಭಾರತದೊಳಗೇ ಮನೆ ಹುಡುಕಿ ಎಂದು ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1984ರ ಫೆಬ್ರವರಿಯಲ್ಲಿ. ಇವಳು ಅಷ್ಟರಲ್ಲಿ ಹೋಗಿಯಾಗಿತ್ತು. ಅವರ ದೇಶದ ಬಣ್ಣಭೇದ ಕೇಳಿ ಅಕ್ಕ ಲೊಚಗುಟ್ಟಿದಳು. ನನಗೆ ಸಿಟ್ಟು ಬಂತು, ಅಕ್ಕನ ಮೇಲೋ ಊರಿನ ಮೇಲೋ.

ಜನವರಿ 17, ಬುಧವಾರ

ಬೆಂಗಳೂರಿನಿಂದ ಅವಳ ಫೋನು. ಡೆನ್ಮಾರ್ಕಿನಲ್ಲಿ ಹೊರದೇಶದ ದತ್ತಿಗೆ ಉಳಿದಿದ್ದ ಒಂದೇ ಏಜೆನ್ಸಿ ಬಾಗಿಲು ಹಾಕುವುದಾಗಿ ನಿನ್ನೆ ಹೇಳಿದೆ. ಖುಷಿಯಾಯಿತಾ ಎಂದೆ. ಆಯಿತು, ಆಮೇಲೆ ಅಳುವೂ ಬಂತು ಎಂದಳು.

ಶಿಕಾರಿಪುರ, ಸೊರಬ ಇನ್ನೂ ನೋಡಿಲ್ಲ, ಮತ್ತೆ ಬರುತ್ತಾಳೆ. ಅಲ್ಲಿ ಯಾರ ಪೈಕಿ ಅಂತ ಕೇಳಿದರೆ ನಿಮ್ಮ ಹೆಸರು ಹೇಳಲೇ ಎಂದಳು. ಹೇಳು ಎಂದೆ. ಅಕ್ಕನಿಗೆ ಇನ್ನೂ ತಿಳಿಸಿಲ್ಲ.