ಹಾಡಿಗೆ ಬರುವ ಅಜ್ಜಂದಿರು

ದೇವರನ್ನು ಹಾಡಿ ಕರೆಯುವುದು ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ. ಆದರೆ ಎಂದೋ ಮಡಿದ ಗುಲಾಮನೊಬ್ಬನನ್ನು ಹಾಡಿ ಕರೆದು, ಆದರದಿಂದ ಕುಳ್ಳಿರಿಸಿ, “ಅಜ್ಜಾ, ನಮಗೊಂದು ದಾರಿ ಹೇಳು” ಎಂದು ಬೇಡುವ ಜನರು ಬ್ರೆಜಿಲ್ ದೇಶದಲ್ಲಿದ್ದಾರೆ. ಅವರ ಮತಕ್ಕೆ ಉಂಬಾಂಡ ಎಂದು ಹೆಸರು. ಆಫ್ರಿಕದ ದೇವತೆಗಳು, ಕ್ರೈಸ್ತ ಸಂತರು, ಫ್ರಾನ್ಸಿನ ಅಲಾನ್ ಕಾರ್ಡೆಕನ ಆತ್ಮವಿದ್ಯೆ, ಆ ನೆಲದ ಆದಿವಾಸಿಗಳ ನಂಬಿಕೆ, ಎಲ್ಲವೂ ಅದರೊಳಗೆ ಬೆರೆತಿವೆ. 1908ರಲ್ಲಿ ರಿಯೊ ನಗರದ ಬಳಿ ಜೆಲಿಯೊ ಜಿ ಮೊರಾಯಿಸ್ ಎಂಬ ತರುಣನ ಮೈಮೇಲೆ ಬಂದ ಆತ್ಮವೊಂದು ಅದನ್ನು ಸ್ಥಾಪಿಸಿತೆಂದು ಅನುಯಾಯಿಗಳಲ್ಲಿ ಅನೇಕರು ಹೇಳುತ್ತಾರೆ.

ಅವರ ಭಕ್ತಿಗೀತಗಳಿಗೆ ‘ಪೊಂತೊ’ ಎನ್ನುವರು. ಮಂದಿರದಲ್ಲಿ ಬಿಳಿಯ ಬಟ್ಟೆಯುಟ್ಟವರು ನೆರೆದಿರುತ್ತಾರೆ. ಅನೇಕ ಕಡೆ ‘ಅತಬಾಕೆ’ ಎಂಬ ಎತ್ತರದ ಚರ್ಮವಾದ್ಯವೂ ಉಂಟು. ಒಬ್ಬರು ಎತ್ತಿಕೊಟ್ಟ ಸಾಲನ್ನು ಎಲ್ಲರೂ ಹಿಡಿದು ಹಾಡುತ್ತಾರೆ. ಬರಮಾಡಿಕೊಳ್ಳುವುದಕ್ಕೊಂದು ಹಾಡು, ಬೀಳ್ಕೊಡುವುದಕ್ಕೆ ಇನ್ನೊಂದು. ಧ್ವನಿಮುದ್ರಿಕೆಗಳಲ್ಲಿ ನಾವು ಕೇಳಿದ ಕೆಲವು, ಭಾಷೆ ತಿಳಿಯದ ನಮಗೂ ಜೋಗುಳದಂತೆ ಕೇಳಿಸಿದುವು. ಹಾಡು ಏರುತ್ತಿರಲು ಪಾತ್ರಿಯ ಬೆನ್ನು ಬಾಗುತ್ತದೆ, ಕೈ ನಡುಗುತ್ತದೆ. ಗಿಡ್ಡ ಪೀಠದ ಮೇಲೆ ಕುಳಿತು, ಹೊಗೆಯ ಕೊಳವೆ ಸೇದುತ್ತ, ಮಗುವಿನ ಕಾಯಿಲೆಯನ್ನೂ ಗಂಡನ ಕುಡಿತವನ್ನೂ ತೋಡಿಕೊಳ್ಳುವವರ ಮಾತನ್ನು ಅಜ್ಜನು ಸಾವಧಾನವಾಗಿ ಕೇಳುತ್ತಾನೆ.

ಅಜ್ಜಂದಿರ ಹೆಸರುಗಳನ್ನು ನೋಡಿರಿ: ಅಂಗೋಲದ ಝೊಆಕಿಂ ಅಪ್ಪ, ಕಾಂಗೋದ ಮರಿಯಜ್ಜಿ. ಜ್ಞಾನಸ್ನಾನದ ಹೆಸರಿನ ಮುಂದೆ ತಾಯ್ನೆಲದ ಹೆಸರನ್ನು ಸೇರಿಸಿ ಗುಲಾಮರನ್ನು ಲೆಕ್ಕಕ್ಕೆ ಬರೆದುಕೊಳ್ಳುವುದು ಅಂದಿನ ವಾಡಿಕೆ. ಮಾರಾಟದ ಗುರುತಾಗಿದ್ದುದು ಹಾಡಿನಲ್ಲಿ ಬಿರುದಾಗಿದೆ.

ಈ ಅಜ್ಜಂದಿರು ಅತಿ ಸಾಧುಗಳು, ಒಡೆಯರಿಗೆ ಹಿತವಾಗುವಂತೆ ಕ್ಷಮಿಸಿಬಿಟ್ಟವರು ಎಂದು ಆಕ್ಷೇಪಿಸುವವರುಂಟು. ಅದನ್ನು ನಾವು ಹಗುರಾಗಿ ತಳ್ಳಲಾರೆವು. ಬ್ರೆಜಿಲಿನಲ್ಲಿ ಹಡಗಿನಿಂದಿಳಿದ ಗುಲಾಮರು ಸುಮಾರು 48 ಲಕ್ಷ. ಅವರಲ್ಲಿ ಓಡಿಹೋದವರೂ ಕಾದಿ ಮಡಿದವರೂ ಬಹುಮಂದಿ. ಆದರೂ ಯಾರ ಮಾತಿಗೆ ಒಡೆಯನು ಕಿವಿಗೊಡಲಿಲ್ಲವೋ ಅವರೆದುರಿಗೆ ಇಂದು ಬಿಳಿಯರೂ ತಲೆಬಾಗಿ ಬುದ್ಧಿವಾದ ಕೇಳುತ್ತಿರುವಾಗ, ಅದನ್ನು ಬರಿಯ ದೈನ್ಯವೆನ್ನಲು ನಮಗೆ ಬಾಯಿ ಬಾರದು.

ಈ ಹಾಡು ಸುಲಭವಾಗಿ ಉಳಿದುದೂ ಅಲ್ಲ. 1890ರ ದಂಡಸಂಹಿತೆ ಆತ್ಮಗಳನ್ನು ಕರೆಯುವುದನ್ನು ಅಪರಾಧಗಳಲ್ಲಿ ಸೇರಿಸಿತ್ತು. ಪೋಲೀಸರು ಇಂತಹ ಮಂದಿರಗಳಿಗೆ ನುಗ್ಗಿ ವಾದ್ಯಗಳನ್ನು ಹೊತ್ತೊಯ್ದುದುಂಟು. 2012ರಲ್ಲಿ ಶಾಸನವೇ ನವೆಂಬರ್ 15ನ್ನು ಉಂಬಾಂಡದ ದಿನವೆಂದು ಗೊತ್ತುಮಾಡಿತು.

ಅಜ್ಜಂದಿರ ದಿನವಾದರೋ ಮೇ 13. 1888ರಲ್ಲಿ ಗುಲಾಮಗಿರಿ ರದ್ದಾದ ದಿನ. ಅಂದು ಅವರ ಮುಂದೆ ಹಾಲಿಲ್ಲದ ಕಾಫಿಯನ್ನಿಡುತ್ತಾರೆ. ಆ ದೇಶದ ಕಾಫಿಯ ತೋಟಗಳಲ್ಲಿ ಬೆವರು ಸುರಿಸಿದವರು ಅವರೇ.