ಪಡಸಾಲೆಗೆ ಬಂದ ಪರಸ್ಥಳದವರು

ವಾಡೆ ಬೀಳತೊಡಗುವುದು ಮೇಲ್ಮುದ್ದೆಯಿಂದ. ಮಳೆಗಾಲಕ್ಕೆ ಮೊದಲು ಕರಲುಮಣ್ಣು ಹೊರಿಸಿ ಮಾಳಿಗೆಗೆ ಹಾಕಿಸದಿದ್ದರೆ ಮೊದಲ ವರ್ಷ ಸೋರುತ್ತದೆ, ಆಮೇಲೆ ಜಂತಿ ಕೊಳೆಯುತ್ತದೆ, ಕೊನೆಗೆ ತೊಲೆ ಕುಸಿಯುತ್ತದೆ. ಮಣ್ಣು ಹೊರಲು ಆಳು ಬೇಕು, ಆಳಿಗೆ ಕಾಳು ಬೇಕು. ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ವಾಡೆಗಳಿಗೆ, ಅಂದರೆ ದೊಡ್ಡ ಮನೆಗಳಿಗೆ, ಆ ಕಾಳು ದೇಸಗತಿ, ಕುಲಕರ್ಣಿಕಿ, ಇನಾಮುಗಳಿಂದ ಬರುತ್ತಿತ್ತು. 1950ರ ಮುಂಬಯಿ ಕಾಯ್ದೆ ಪರಗಣಾ ಮತ್ತು ಕುಲಕರ್ಣಿ ವತನುಗಳನ್ನು ತೆಗೆದುಹಾಕಿತು. 1974ರ ಭೂಸುಧಾರಣೆ ಉಳುವವನಿಗೆ ಹೊಲ ಕೊಟ್ಟಿತು. ಎರಡೂ ಆಗಬೇಕಾದ ನ್ಯಾಯವೇ. ಆದರೆ ಹೊಲ ಹೋದರೂ ಮನೆ ಉಳಿಯಿತು, ಪಾಲುದಾರರು ಬೆಳೆದರು, ಹಗೇವು ಬರಿದಾಯಿತು. ಇಂಥ ವಾಡೆಯ ನಾಲ್ಕು ಖೋಲಿ ತೊಳೆದು, ಬಾದಾಮಿ, ಪಟ್ಟದಕಲ್ಲು ನೋಡಲು ಬಂದವರಿಗೆ ರಾತ್ರಿ ವಸತಿ, ಬೆಳಗಿನ ರೊಟ್ಟಿ ಕೊಟ್ಟು ಬಂದ ಹಣದಲ್ಲಿ ಮಾಳಿಗೆ ಉಳಿಸಿಕೊಳ್ಳುವುದು ಸರಿಯಾದ ದಾರಿ ಎಂದು ನಾನು ನಂಬುತ್ತೇನೆ. ಅದಕ್ಕೆ ನನ್ನದು ಒಂದೇ ಷರತ್ತು: ಅತಿಥಿಗೆ ಮನೆತನದ ಕಥೆಯನ್ನು ಪೂರ್ತಿ ಹೇಳಬೇಕು.

ಹಸಿದು ಬಂದವರಿಗೆ ಅನ್ನವಿಕ್ಕಿದ ಮನೆ ಅನ್ನ ಮಾರುವುದೇ ಎಂದು ಹಿರಿಯರು ಕೇಳುತ್ತಾರೆ. ಮಾತಿಗೆ ತೂಕವಿದೆ. ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ಆಗುಂಬೆಯ ದೊಡ್ಡಮನೆಯಲ್ಲಿ ಉಳಿದವರಿಗೆ ಇಷ್ಟೇ ಕೊಡಿ ಎಂದು ದರ ಹೇಳದ ರೂಢಿ ಬಹುಕಾಲ ನಡೆದುಬಂದದ್ದು ಈ ಸಂಕೋಚದಿಂದಲೇ ಇರಬೇಕು. ಆದರೆ ವಾಡೆ ಎಂದಾದರೂ ಬರೀ ಸಂಸಾರದ ಮನೆಯಾಗಿತ್ತೇ? ಪಡಸಾಲೆಯಲ್ಲಿ ದಫ್ತರ ಬಿಚ್ಚಿ ಸಾರಾ ಬರೆಯುತ್ತಿದ್ದರು, ಹೆಬ್ಬಾಗಿಲ ಕಟ್ಟೆಯ ಮೇಲೆ ಪಂಚಾಯಿತಿ ಕೂಡುತ್ತಿತ್ತು. ಅದು ಕಚೇರಿಯೂ ಆಗಿತ್ತು, ಉಗ್ರಾಣವೂ ಆಗಿತ್ತು. ರಬಕವಿ-ಬನಹಟ್ಟಿಯ ನೇಕಾರರ ಮನೆ ನೋಡಿದರೆ ವಿಷಯ ಇನ್ನೂ ಸ್ಪಷ್ಟ: ಒಂದೇ ಸೂರಿನಡಿ ಕುಣಿಮಗ್ಗ, ಒಲೆ, ತೊಟ್ಟಿಲು. ಲಾಳಿ ಓಡಿದರೆ ಮನೆ ನಡೆಯುತ್ತದೆ, ಇದರಿಂದ ಮನೆಯ ಮಾನ ಹೋಯಿತೆಂದು ಅಲ್ಲಿ ಯಾರೂ ಅನ್ನಲಿಲ್ಲ. ನೇಕಾರನಿಗೆ ಇಲ್ಲದ ನಾಚಿಕೆ ದೇಸಾಯರಿಗೇಕೆ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ದುಡ್ಡು ಕೊಟ್ಟವರಿಗೆ ಕಥೆ ಹೇಳತೊಡಗಿದರೆ ಕಥೆಗೆ ಬಣ್ಣ ಏರುತ್ತದೆ, ಕತ್ತಿ, ಪೇಟ, ಬೇಟೆಯ ಪಟ ಮಾತ್ರ ಗೋಡೆಯ ಮೇಲೆ ಉಳಿಯುತ್ತವೆ. ಅಪಾಯ ನಿಜ. ಮುಧೋಳದ ಘೋರ್ಪಡೆಯವರ ಮಾತು ಬಂದರೆ ಮಾಲೋಜಿರಾವ್ ದೊರೆ ಐದನೆಯ ಜಾರ್ಜನಿಗೆ ಕೊಟ್ಟ ಬೇಟೆನಾಯಿಯ ಕಥೆ ಎಲ್ಲರ ಬಾಯಲ್ಲಿದೆ. ಅದೇ ಮನೆತನದ ಬಾಜಿ ಘೋರ್ಪಡೆ 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿದದ್ದನ್ನು ಹೇಳುವವರು ಕಡಿಮೆ. 1857ರಲ್ಲಿ ಅದೇ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದರು. ಇಂಗ್ಲಿಷರ ದಂಡು ಬಂದು ಊರು ಸುಟ್ಟಿತು, ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಬೇಟೆಯನ್ನೇ ಬದುಕಾಗಿಸಿಕೊಂಡಿದ್ದ ಆ ಜನರನ್ನು ಬಿಟ್ಟು ಬೇಟೆನಾಯಿಯ ಕಥೆಯೊಂದನ್ನೇ ಹೇಳಿದರೆ ಅರ್ಧಕ್ಕರ್ಧ ಬಚ್ಚಿಟ್ಟಂತೆ.

ಜಮಖಂಡಿಯದೂ ಹೀಗೆಯೇ. ಇಚಲಕರಂಜಿಯ ಘೋರ್ಪಡೆಯವರಿಗೆ ಪುರೋಹಿತನಾಗಿದ್ದ ಹರಭಟ್ಟನ ಮಕ್ಕಳು ಪೇಶ್ವೆಯ ದಂಡು ಸೇರಿದರು. ಆ ಪಟವರ್ಧನ ಮನೆತನದ ಒಂದು ಕವಲು 1811ರಲ್ಲಿ ಜಮಖಂಡಿಯಲ್ಲಿ ನೆಲೆಗೊಂಡಿತು. ದರಬಾರು ಮರಾಠಿಯಲ್ಲಿ, ಸಂತೆ ಕನ್ನಡದಲ್ಲಿ ನಡೆಯಿತು. 1948ರಲ್ಲಿ ಶಂಕರರಾವ್ ಪಟವರ್ಧನರು ಸಂಸ್ಥಾನವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ವಿಲೀನವಾಗಬೇಕೆಂದು ದುಡಿದವರು, ಮುಂದೆ ದೇಶದ ಉಪರಾಷ್ಟ್ರಪತಿಯಾದ, ಇದೇ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ. ಪಟವರ್ಧನರ ರಾಮತೀರ್ಥದ ಅರಮನೆಯ ಕಥೆ ಸಾವಳಗಿಯನ್ನು ಬಿಟ್ಟು ಮುಗಿಯದು.

ವಿಶ್ರಾಂತಿಗೆ ಬಂದವರಿಗೆ ಈ ಕಹಿಯೆಲ್ಲ ಯಾಕೆ ಅನ್ನಬಹುದು. ಬರೀ ವಿಶ್ರಾಂತಿ ಬೇಕಾದವರಿಗೆ ಲಾಡ್ಜ್ ಇದೆ. ವಾಡೆ ಹುಡುಕಿಕೊಂಡು ಬಂದವರು ಕೇಳಲೆಂದೇ ಬಂದವರು. ತೊಲೆ ಕೆತ್ತಿದ ಬಡಿಗ, ಹಗೇವು ತುಂಬಿದ ಒಕ್ಕಲು, ಹಿತ್ತಲ ಬಾಗಿಲಿಂದಲೇ ಓಡಾಡಿದ ಹೆಂಗಸರು, ಇವರೆಲ್ಲ ಆ ಮನೆಯ ಖಟ್ಲೆಯವರೇ. ಸಂಜೆ ಪಡಸಾಲೆಯಲ್ಲಿ ಇಂಗ್ಲಿಷ್ ಅಧಿಕಾರಿ ಫ್ಲೀಟ್ ಸಾಹೇಬ ಸಂಗ್ರಹಿಸಿದ ಹಲಗಲಿಯ ಲಾವಣಿಯನ್ನು ಊರವರಿಂದಲೇ ಹಾಡಿಸಲಿ, ಹಾಡಿದವರನ್ನು ಅತಿಥಿಯ ಪಂಕ್ತಿಯಲ್ಲೇ ಊಟಕ್ಕೆ ಕೂಡಿಸಲಿ.