ಆಲಪ್ಪುಳದ ಸಣ್ಣ ಬೋಟು

ದೊಡ್ಡ ಹಡಗಿನ ಪ್ರವಾಸದ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಹತ್ತು ಹದಿನೈದು ಅಂತಸ್ತು, ಒಳಗೇ ಈಜುಕೊಳ, ಒಳಗೇ ಸಿನಿಮಾ. ನನ್ನ ಗೆಳತಿಯೊಬ್ಬಳು ಅಂಥದ್ದರಲ್ಲಿ ಹೋಗಿಬಂದಳು. "ಸಮುದ್ರ ಹೇಗಿತ್ತೇ?" ಎಂದು ಕೇಳಿದರೆ ಊಟಕ್ಕೆ ಏನೇನಿತ್ತು ಎಂದು ಹೇಳಿದಳು! ನನಗೆ ಹಿಡಿಸಿದ್ದು ಸಣ್ಣ ಬೋಟು. ಅದೂ ಕೇರಳದ ಆಲಪ್ಪುಳದಲ್ಲಿ ಜನ ಬಸ್ಸಿನ ಹಾಗೆ ಹತ್ತಿ ಇಳಿಯುವ ಸರ್ಕಾರಿ ಬೋಟು.

2018ರ ಡಿಸೆಂಬರ್ ರಜೆಯಲ್ಲಿ ಮೊಮ್ಮಗಳು ಪುಟ್ಟಿಯನ್ನು ಕರೆದುಕೊಂಡು ಹೋಗಿದ್ದೆ. ನನ್ನ ತಂಗಿಯ ಮಗ ಆಗ ಆಲಪ್ಪುಳದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ಪುಟ್ಟಿಗೆ ಒಂಬತ್ತು ವರ್ಷ, ಊರು ಮಡಿಕೇರಿ. ಆ ವರ್ಷದ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ನಿಮಗೆ ನೆನಪಿರಬಹುದು. ಅವರ ಮನೆಗೆ ಏನೂ ಆಗಲಿಲ್ಲ, ಆದರೆ ನಾಲ್ಕು ರಾತ್ರಿ ಬೇರೆಯವರ ಮನೆಯಲ್ಲಿ ಮಲಗಿದ್ದರು. ಅಂದಿನಿಂದ ಮಗು ಮಳೆ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿತ್ತು. ಹೊಳೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಅಮ್ಮಾ, ಅವಳನ್ನು ನೀರಿನ ಊರಿಗೆ ಕರ್ಕೊಂಡು ಹೋಗ್ತೀಯಾ?" ಎಂದು ಮಗಳು ಕೇಳಿದಳು. "ಬೋಟು ಹತ್ತು ಅಂತ ನಾನು ಹೇಳಲ್ಲ, ಅವಳೇ ಕೇಳಿದರೆ ನೋಡೋಣ" ಎಂದೆ.

ಕೇಳದೇ ಇರುವುದು ಆ ಊರಿನಲ್ಲಿ ಕಷ್ಟ. ಬಸ್ ನಿಲ್ದಾಣದ ಪಕ್ಕದಲ್ಲೇ ಬೋಟಿನ ಜೆಟ್ಟಿ. ಶಾಲೆ ಚೀಲ ಹೊತ್ತ ಮಕ್ಕಳು, ಮೀನಿನ ಬುಟ್ಟಿ ಹಿಡಿದ ಹೆಂಗಸರು, ಕೊಡೆ ಊರಿಕೊಂಡ ನನ್ನ ವಯಸ್ಸಿನ ಅಜ್ಜಂದಿರು, ಎಲ್ಲರೂ ಅಲ್ಲಿ ಹತ್ತುತ್ತಾರೆ, ಇಳಿಯುತ್ತಾರೆ. ಎರಡು ದಿನ ದೂರ ನಿಂತು ನೋಡಿದಳು. ಮೂರನೆಯ ದಿನ, "ಅಜ್ಜಿ, ಆ ಚಿಕ್ಕ ಮಕ್ಕಳೂ ಹೋಗ್ತಾರಲ್ಲ?" ಎಂದಳು. ಕಾವಾಲಂ ಕಡೆಯ ಬೋಟಿಗೆ ಟಿಕೆಟ್ ತೆಗೆದುಕೊಂಡೆ. ಕೈಯಲ್ಲಿದ್ದ ಚಿಲ್ಲರೆಯೇ ಸಾಕಾಯಿತು.

ನನ್ನ ಮಂಡಿಯದ್ದೊಂದು ಕಥೆ ಇದೆ. ಮೆಟ್ಟಿಲೆಂದರೆ ಆಗುವುದಿಲ್ಲ, ಬೆಟ್ಟದ ದೇವಸ್ಥಾನ, ಕೋಟೆ, ಜಲಪಾತ ಎಲ್ಲ ಬಿಟ್ಟು ಐದು ವರ್ಷವಾಗಿತ್ತು. ಇಲ್ಲಿ ಒಂದೇ ಒಂದು ಹೆಜ್ಜೆ. ಬೋಟಿನ ಸಿಬ್ಬಂದಿ ಕೈ ಹಿಡಿದು ಹತ್ತಿಸಿದರು. ಆಮೇಲೆ ನಾನು ಕೂತಲ್ಲೇ ಕೂತೆ, ಊರೇ ನನ್ನ ಮುಂದೆ ಬಂತು.

ಬೋಟಿನಲ್ಲಿ ಮುಂದೆ ಚಕ್ರ ಹಿಡಿದು ನಿಂತವರನ್ನು ಅಲ್ಲಿ 'ಸ್ರಾಂಕ್' ಎನ್ನುತ್ತಾರೆ. ಎಂಜಿನ್ ನೋಡಿಕೊಳ್ಳುವವರು ಬೇರೆ, ಅವರಿಗೆ ಮುಂದಿನದೇನೂ ಕಾಣುವುದಿಲ್ಲ. ಸ್ರಾಂಕ್ ಹಗ್ಗ ಎಳೆದು ಗಂಟೆ ಬಾರಿಸುತ್ತಾರೆ, ಆ ಗಂಟೆ ಕೇಳಿ ಇವರು ವೇಗ ಕೂಡಿಸುತ್ತಾರೆ, ಕಳೆಯುತ್ತಾರೆ. ಪುಟ್ಟಿ ನೀರನ್ನು ನೋಡಲೊಲ್ಲದೆ ಗಂಟೆಯನ್ನೇ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಿಗೆಲ್ಲ, "ಈಗ ನಿಧಾನ ಆಗತ್ತೆ ನೋಡು" ಎಂದು ನನಗೇ ಹೇಳತೊಡಗಿದಳು.

ಪುನ್ನಮಡ ಕೆರೆ ಬಂತು. ನೆಹರೂ ಟ್ರೋಫಿ ದೋಣಿ ಸ್ಪರ್ಧೆ ನಡೆಯುವುದು ಇಲ್ಲೇ. ಪ್ರತಿವರ್ಷ ಆಗಸ್ಟ್‌ನಲ್ಲಿ ನಡೆಯುತ್ತಿದ್ದದ್ದು ಆ ಸಲ ಪ್ರವಾಹದಿಂದ ನವೆಂಬರ್ 10ಕ್ಕೆ ಹೋಗಿತ್ತು. ದೊಡ್ಡ ದೊಡ್ಡ ಹೌಸ್‌ಬೋಟುಗಳು ನಮ್ಮ ಪಕ್ಕದಲ್ಲಿ ಸಾಗಿದವು. ಅದರಲ್ಲಿ ಕೂತವರು ನಮ್ಮ ಫೋಟೋ ತೆಗೆದರು, ನಾವು ಅವರದ್ದು ತೆಗೆದೆವು. ಆಮೇಲೆ ಕಾಲುವೆ ಕಿರಿದಾಯಿತು. ಸಣ್ಣ ಬೋಟಿನ ನಿಜವಾದ ಸುಖ ಇಲ್ಲಿ. ದಡ ಕೈಗೆಟಕುವಷ್ಟು ಹತ್ತಿರ. ಒಬ್ಬಾಕೆ ಮೆಟ್ಟಿಲ ಮೇಲೆ ಪಾತ್ರೆ ತೊಳೆಯುತ್ತಿದ್ದಾಳೆ, ಒಬ್ಬ ಹುಡುಗ ಹಲ್ಲುಜ್ಜುತ್ತಾ ನಮ್ಮನ್ನೇ ನೋಡುತ್ತಿದ್ದಾನೆ, ಯಾರ ಮನೆಯಲ್ಲೋ ಮೀನು ಹುರಿಯುವ ವಾಸನೆ. ನೂರಾರು ಬಾತುಕೋಳಿಗಳನ್ನು ಪುಟ್ಟ ದೋಣಿಯಲ್ಲಿ ಕೂತ ಒಬ್ಬನೇ ಮನುಷ್ಯ ಅಟ್ಟಿಕೊಂಡು ಹೋಗುತ್ತಿದ್ದ. ಅವನಿಗೆ ದಾರಿ ಕೊಡಲು ನಮ್ಮ ಬೋಟು ನಿಧಾನವಾಯಿತು. ಗಂಟೆ ಬಾರಿಸಿತು ಎನ್ನಿ!

ಮಕ್ಕಳೇ, ಈ ಸೀಮೆಯ ಹೆಸರು ಕುಟ್ಟನಾಡು. ಇಲ್ಲಿನ ಒಂದು ವಿಚಿತ್ರ ಏನೆಂದರೆ, ನಾವು ಬೋಟಿನಲ್ಲಿ ಕೂತು ಗದ್ದೆಗಳನ್ನು ಕೆಳಗೆ ನೋಡುತ್ತೇವೆ. ನೀರು ಮೇಲೆ, ಗದ್ದೆ ಕೆಳಗೆ. ಅನೇಕ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ತಗ್ಗಿನಲ್ಲಿವೆ. ಕೆಸರು ಕಟ್ಟಿ ಏರಿ ಎಬ್ಬಿಸಿ, ಒಳಗಿನ ನೀರನ್ನು ಪಂಪು ಮಾಡಿ ಕಾಲುವೆಗೆ ಹಾಕಿ, ಆಮೇಲೆ ಬಿತ್ತುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯವನ್ನು ಜಗತ್ತಿನ ಪರಂಪರೆಯ ಕೃಷಿ ಪದ್ಧತಿಗಳಲ್ಲಿ ಸೇರಿಸಿದೆ. ಏರಿ ಒಡೆದರೆ ಎಲ್ಲ ಹೋಯಿತು. ಆ ಆಗಸ್ಟ್‌ನಲ್ಲಿ ಹಾಗೇ ಆಗಿತ್ತು. ಮನೆಗಳ ಗೋಡೆಯ ಮೇಲೆ ನನ್ನ ಎದೆಮಟ್ಟಕ್ಕೆ ಕಂದು ಗೆರೆ ಇನ್ನೂ ಇತ್ತು.

ಪುಟ್ಟಿ ಆ ಗೆರೆ ನೋಡಿದಳು. ನಾನು ಏನೂ ಹೇಳಲಿಲ್ಲ. ಎದುರು ಕೂತಿದ್ದ, ಅವಳಷ್ಟೇ ಎತ್ತರದ ಶಾಲೆಯ ಹುಡುಗಿ "ಪೇರೆಂದಾ?" ಎಂದು ಕೇಳಿತು. ಮಡಿಕೇರಿಯ ಸಂತೆಯಲ್ಲಿ ಮಲಯಾಳಂ ಕಿವಿಗೆ ಬಿದ್ದೇ ಬಿದ್ದಿರುತ್ತದೆ. ಇವಳು ಹೆಸರು ಹೇಳಿ, ಗೋಡೆಯ ಗೆರೆ ತೋರಿಸಿದಳು. ಆ ಹುಡುಗಿ ಕೈ ತನ್ನ ತಲೆಯ ಮೇಲೆತ್ತಿ ನೀರು ಇಷ್ಟು ಬಂದಿತ್ತು ಎಂದು ತೋರಿಸಿತು. ಆಮೇಲೆ ಕೂತಿದ್ದ ಬೆಂಚನ್ನು ಪಟಪಟ ತಟ್ಟಿ 'ಬೋಟ್, ಬೋಟ್' ಎಂದಿತು. ಕುಟ್ಟನಾಡಿನ ಜನರನ್ನು ಹೊರಗೆ ತಂದದ್ದು ಇಂಥ ಸರ್ಕಾರಿ ಬೋಟುಗಳು, ಹೌಸ್‌ಬೋಟುಗಳು, ಮೀನುಗಾರರ ದೋಣಿಗಳೇ. ಹುಡುಗಿ ಮುಂದಿನ ಜೆಟ್ಟಿಯಲ್ಲಿ, ಬೋಟು ಪೂರ್ತಿ ನಿಲ್ಲುವ ಮೊದಲೇ ಹಾರಿ ಇಳಿದು ಹೋಯಿತು. (ನೀವು ಹಾಗೆ ಇಳಿಯಬೇಡಿ.) ಅವಳ ಮನೆಯ ಹಿಂದೆ ಏರಿಯ ಆಚೆ ಹೊಸ ಪೈರು ಹಸಿರಾಗಿ ಎದ್ದಿತ್ತು.

ಬರುವಾಗ ಪುಟ್ಟಿ ಕಿಟಕಿಯ ಪಕ್ಕ ಕೂತಳು. ಅಂತರಗಂಗೆಯ ನೇರಳೆ ಹೂ, ರೆಕ್ಕೆ ಒಣಗಿಸುತ್ತಾ ಕಂಬದ ಮೇಲೆ ನಿಂತ ನೀರುಕಾಗೆ, ಎಲ್ಲದಕ್ಕೂ ನನ್ನ ತೋಳು ಜಗ್ಗುತ್ತಿದ್ದಳು. ವೈಕ್ಕಂ ಎಂಬಲ್ಲಿ ಬಿಸಿಲಿನಿಂದಲೇ ಓಡುವ 'ಆದಿತ್ಯ' ಎಂಬ ಬೋಟು 2017ರಿಂದ ಇದೆ ಎಂದು ತಂಗಿಯ ಮಗ ಹೇಳಿದ್ದ. ಅದಕ್ಕೂ ಹೋಗೋಣ ಎಂದಳು. ಅಷ್ಟರಲ್ಲಿ ಸಣ್ಣ ಮಳೆ ಬಂತು. ಸಿಬ್ಬಂದಿ ಎರಡೂ ಕಡೆ ಟಾರ್ಪಾಲು ಇಳಿಸಿದರು. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು, ಕಿವಿ ಮಾತ್ರ ಮುಚ್ಚಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕೈಯಲ್ಲಿ ಟಾರ್ಪಾಲಿನ ಅಂಚು ಎತ್ತಿ, ಆ ಸಂದಿಯಿಂದ ನೀರಿನ ಮೇಲೆ ಮಳೆ ಬೀಳುವುದನ್ನು ನೋಡಿದಳು.

ಹೆದರಿಕೆ ಪೂರ್ತಿ ಹೋಯಿತೆಂದು ಹೇಳಲಾರೆ. ಮಡಿಕೇರಿಯಲ್ಲಿ ಜೋರು ಮಳೆ ಹಿಡಿದ ರಾತ್ರಿ ಈಗಲೂ ಮೈಸೂರಿಗೆ ನನಗೆ ಫೋನ್ ಮಾಡುತ್ತಾಳೆ. ಮಾತು ಹೇಗೋ ಬೋಟಿನ ಕಡೆ ತಿರುಗುತ್ತದೆ. ಅಂದು ದಾರಿಯಲ್ಲಿ ಎಷ್ಟು ಜೆಟ್ಟಿ ಎಣಿಸಿದ್ದೆವು ಎಂಬುದು ನಮ್ಮಿಬ್ಬರಿಗೆ ಇನ್ನೂ ತೀರದ ಜಗಳ. ನಾನು ಹತ್ತೊಂಬತ್ತು ಎನ್ನುತ್ತೇನೆ. ಅವಳು, "ಇಲ್ಲ ಅಜ್ಜಿ, ಬಾತುಕೋಳಿ ಬಂದಾಗ ನೀನು ಒಂದು ಬಿಟ್ಟೆ" ಎನ್ನುತ್ತಾಳೆ.